ಉಣ್ಣೆ ನೂಲು ಕಟ್ಟಿದ ಕಾಗದಗಳು

ಕಾಗದ ಜೋಡಿಸುವುದೇ ನನ್ನ ನೌಕರಿ. ಗೋಕಾಕದ ಒಂದು ಕಾಲೇಜಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಯಾರಾದರೂ ಬಂದು ಹತ್ತು ವರ್ಷದ ಹಿಂದಿನ ದಾಖಲೆ ಕೇಳಿದರೆ, ಎದ್ದು ಕಪಾಟು ತೆರೆದು ತೆಗೆದುಕೊಟ್ಟು ಮತ್ತೆ ಕುರ್ಚಿಗೆ ಬರುವಷ್ಟರಲ್ಲಿ ನನ್ನ ಚಹಾ ಇನ್ನೂ ಆರಿರುವುದಿಲ್ಲ. ಈ ಜಂಬವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದ್ದೆಲ್ಲ ಅದರಿಂದಲೇ ಆಯಿತು.

ಮನೆ ಮೇಲವಂಕಿಯಲ್ಲಿ. ಮುಂಜಾನೆ ಬಸ್ಸಿಗೆ ಗೋಕಾಕ, ಸಂಜೆ ಬಸ್ಸಿಗೆ ಮನೆ. ಮನೆಯಲ್ಲಿ ಗಂಡ, ಅತ್ತೆ, ನಾದಿನಿ ಮತ್ತು ನಾನು. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ, ಈ ಸಂಗತಿಯಲ್ಲಿ ಅವಳು ಬರುವುದಿಲ್ಲ. ಗಂಡನ ಕಡೆಯವರು ಮೊದಲಿನಿಂದಲೂ ಕುರಿ ಸಾಕಿದವರು. ಈಗ ಹೊಲವೇ ಮುಖ್ಯ, ಆದರೂ ಹಿತ್ತಲ ದೊಡ್ಡಿಯಲ್ಲಿ ಮೂವತ್ತು ನಲವತ್ತು ಕುರಿ ಇದ್ದೇ ಇರುತ್ತವೆ.

ನಾದಿನಿ ನನ್ನ ಗಂಡನ ತಂಗಿ. ಅವಳನ್ನು ಹುಕ್ಕೇರಿ ತಾಲೂಕಿನ ಹತ್ತರಗಿಗೆ ಕೊಟ್ಟಿದ್ದರು. ಅಲ್ಲಿ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ಮೇಲೆ, ನಾಲ್ಕು ವರ್ಷದ ಹಿಂದೆ, ಹೈವೇದ ಬಾಜೂ ನಿಂತು ಬಸ್ಸು ಹಿಡಿದು ಒಂದೇ ಒಂದು ಚೀಲದೊಂದಿಗೆ ತವರಿಗೆ ಬಂದಳು. ಯಾರೂ ಏನೂ ಕೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ. ಮರುದಿನದಿಂದ ರೊಟ್ಟಿ ಬಡಿಯುವ ಕೆಲಸ ಅವಳದಾಯಿತು. ನನಗೆ ಅನುಕೂಲವೇ ಆಯಿತೆಂದು ಒಪ್ಪಿಕೊಳ್ಳಬೇಕು.

ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ಪಾಸಾದ ಮೊದಲ ಹೆಣ್ಣುಮಗಳು ಅವಳು. ನಮ್ಮ ತೋಟದ ವಸ್ತಿಯ ಅಂಗನವಾಡಿ ಟೀಚರ್ ನಿವೃತ್ತರಾಗುವುದಿತ್ತು. ಆ ಜಾಗಕ್ಕೆ ಅರ್ಜಿ ಕರೆದಾಗ ಹಾಕಬೇಕೆಂದು ನಾದಿನಿ ಒಂದು ವರ್ಷದಿಂದ ಕಾಯುತ್ತಿದ್ದಳು. ವಯಸ್ಸಿನ ಮಿತಿ ದಾಟಲು ಆರೇಳು ತಿಂಗಳು ಉಳಿದಿದ್ದವು. ಈ ಸಲ ಆಗಲಿಲ್ಲವೆಂದರೆ ಮುಂದೆ ಆಗುವಂತಿರಲಿಲ್ಲ. ಅವಳು ಬಾಯಿಬಿಟ್ಟು ಕೇಳಿದ ಒಂದೇ ಒಂದು ಸಂಗತಿ ಇದು. "ವೈನಿ, ಅರ್ಜಿ ಕರದ್ರ ನಿಮ್ಮ ಆಫೀಸನ್ಯಾಗ ಮೊದಲ ಗೊತ್ತಾಗತೈತಲ್ರಿ, ನನಗ ಹೇಳ್ರಿ," ಅಂದಿದ್ದಳು. ಹೇಳುತ್ತೇನೆ ಅಂದಿದ್ದೆ.

ಇನ್ನು ಮನೆಯ ಕಾಗದಗಳ ವಿಚಾರ. ಕಚೇರಿಯಲ್ಲಿ ಅಷ್ಟು ಅಚ್ಚುಕಟ್ಟಾಗಿರುವ ನನಗೆ ಮನೆಗೆ ಬಂದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಲೈಟ್ ಬಿಲ್ಲುಗಳು ಗೋಡೆಯ ತಂತಿಗೆ ಚುಚ್ಚಿಸಿಕೊಂಡು ನೇತಾಡುತ್ತಿದ್ದವು, ಕೆಳಗಿನವು ಹಳದಿಯಾಗಿ ಮುಟ್ಟಿದರೆ ಉದುರುತ್ತಿದ್ದವು. ರೇಷನ್ ಚೀಟಿ ಗಾದಿಯ ಕೆಳಗೆ. ಕಬ್ಬು ಕಡಿಯುವ ಚೀಟಿ ಕ್ಯಾಲೆಂಡರಿನ ಹಿಂದೆ. ಕುರಿಗೆ ಚುಚ್ಚಿಸಿದ ಔಷಧದ ಕಾಗದ ದೇವರ ಜಗಲಿಯ ಮೇಲೆ, ಭಂಡಾರದ ಅರಿಶಿನದ ಬಟ್ಟಲಿನ ಅಡಿಯಲ್ಲಿ. ನಮ್ಮ ಹೊಲದ ಒಂದು ತುಂಡು ಮೂಡಲಗಿ ಹೊಸ ತಾಲೂಕಾದಾಗ ಆ ಕಡೆಗೆ ಹೋಯಿತು. ಅಂದಿನಿಂದ ಒಂದೇ ಹೊಲಕ್ಕೆ ಗೋಕಾಕದ ಸಿಕ್ಕಾ ಒತ್ತಿದ ಕಾಗದವೂ ಇತ್ತು, ಮೂಡಲಗಿಯ ಸಿಕ್ಕಾ ಒತ್ತಿದ ಕಾಗದವೂ ಇತ್ತು, ಎರಡನ್ನೂ ಯಾರೂ ಬಿಸಾಕಲು ತಯಾರಿರಲಿಲ್ಲ. ಇದ್ದರೆ ಇರಲಿ ಬಿಡು ಅನ್ನುತ್ತಿದ್ದರು ಗಂಡ. ಈ ಮನೆಯಲ್ಲಿ ಎಲ್ಲ ಕಾಗದಕ್ಕೂ ಅದೇ ಉತ್ತರ.

ಮುಖ್ಯವಾದವು ಮಾತ್ರ ಅತ್ತೆಯ ಕೈಯಲ್ಲಿದ್ದವು. ಅವರಿಗೆ ಓದಲು ಬಾರದು. ಜಂತಿಗೆ ತೂಗುಹಾಕಿದ ಒಂದು ಕರಿ ಕಂಬಳಿಯ ಚೀಲ, ಅದರೊಳಗೆ ಸುರುಳಿ ಸುತ್ತಿದ ಕಾಗದಗಳು. ಒಂದೊಂದು ಸುರುಳಿಗೂ ಅವರೇ ಕೈಯಲ್ಲಿ ಹೊಸೆದ ಉಣ್ಣೆಯ ನೂಲು. ಹೊಲದ್ದಕ್ಕೆ ಕರಿ ನೂಲು, ಮನೆಯದ್ದಕ್ಕೆ ಬಿಳಿ ನೂಲು, ತೀರಿಹೋದ ಮಾವನವರದ್ದಕ್ಕೆ ಕುರಿಯ ಬೆನ್ನಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಅದ್ದಿದ ನೂಲು. ಗಂಟು ಎಷ್ಟು ಎನ್ನುವುದರ ಮೇಲೆ ಇದು ಯಾರದು ಎಂಬ ಲೆಕ್ಕ. ಯಾರಾದರೂ ಏನಾದರೂ ಕೇಳಿದರೆ ಚೀಲದೊಳಗೆ ಕೈ ಹಾಕಿ, ಕಣ್ಣು ಎತ್ತಲೋ ಇಟ್ಟುಕೊಂಡು, ಬೆರಳಲ್ಲಿ ಗಂಟು ತಡಕಿ ತೆಗೆದುಕೊಡುತ್ತಿದ್ದರು. ಹೆಸರು ಬರೆದಿಡೋಣ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ನಕ್ಕರು.

"ಕುರಿ ಮ್ಯಾಲ ಹೆಸರ ಬರದಿರತೈತೇನ? ಗುರ್ತಾ ಹಿಡಿಯೂದಿಲ್ಲೇನ ನಾವು?"

ಅದಲ್ಲದೆ ಒಂದು ಟ್ರಂಕಿನಲ್ಲಿ, ಹಳೆಯ ಕೌದಿಗಳ ಕೆಳಗೆ, ಲಗ್ನಪತ್ರಿಕೆಗಳು. ಒಂದು ಮದುವೆ ತಪ್ಪದಂತೆ ಊರಿನ, ಬೀಗರ, ಬೀಗರ ಬೀಗರ ಲಗ್ನಪತ್ರಿಕೆಗಳೆಲ್ಲ ಅಲ್ಲಿದ್ದವು. ಮೇಲೆ ದೇವರ ಚಿತ್ರ ಇರುತ್ತದಲ್ಲ, ಅದಕ್ಕೆ ಹೊರಗೆ ಹಾಕುವಂತಿಲ್ಲ. ಟ್ರಂಕು ಎತ್ತಬೇಕಾದರೆ ಇಬ್ಬರು ಬೇಕಾಗುತ್ತಿತ್ತು.

ದಸರೆಯ ಮುಂಚೆ ನಮ್ಮಲ್ಲಿ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯುತ್ತಾರೆ. ಆ ವರ್ಷ ಮುಂಜಾನೆಯೇ ಅತ್ತೆ, ನಾದಿನಿ, ಗಂಡ ಮೂವರೂ ಕೌದಿ ಕಂಬಳಿಗಳನ್ನು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಹೋದರು. ನಾನು ರಜೆ ಹಾಕಿದ್ದೆ. ಮನೆ ಬಳಿಯುವವರು ಮರುದಿನ ಬರುವವರಿದ್ದರು, ಗೋಡೆಗಳನ್ನು ಖಾಲಿ ಮಾಡಬೇಕಿತ್ತು. ತಡೆಯುವವರು ಯಾರೂ ಇರಲಿಲ್ಲ. ಇಂಥ ದಿನ ಮತ್ತೆ ಸಿಗುವುದಿಲ್ಲ ಅನ್ನಿಸಿತು.

ಗೋಕಾಕದಿಂದ ಆರು ಪ್ಲಾಸ್ಟಿಕ್ ಫೈಲು ತಂದಿಟ್ಟಿದ್ದೆ. ಹೊಲ, ಮನೆ, ರೇಷನ್, ಸಾಲಿ, ದವಾಖಾನೆ, ಇತರೆ ಎಂದು ಚೀಟಿ ಅಂಟಿಸಿದೆ. ಅತ್ತೆಯ ಚೀಲ ಇಳಿಸಿ ಒಂದೊಂದೇ ನೂಲು ಬಿಚ್ಚಿದೆ. ಕೆಲವು ಗಂಟು ಬಿಚ್ಚಲು ಬರಲಿಲ್ಲ, ಕತ್ತರಿ ಹಾಕಿದೆ. ಸುರುಳಿಯಾದ ಕಾಗದ ನೆಟ್ಟಗಾಗಲಿ ಎಂದು ಮೇಲೆ ಒಳಕಲ್ಲಿನ ಗುಂಡು ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಆರು ಫೈಲು ಸಾಲಾಗಿ ನಿಂತವು. ಎರಡು ಸಲ ದೂರ ನಿಂತು ನೋಡಿದೆ. ಎಷ್ಟು ಖುಷಿಯಾಗಿತ್ತೆಂದರೆ, ಊಟ ಮಾಡಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಅಷ್ಟರಲ್ಲಿ ರದ್ದಿಯವನ ಗಾಡಿ ಓಣಿಗೆ ಬಂತು, ಧ್ವನಿವರ್ಧಕದಲ್ಲಿ ಹಳೇ ಕಬ್ಬಿಣ, ಹಳೇ ಪುಸ್ತಕ ಎಂದು ಕೂಗಿಸಿಕೊಂಡು. ಟ್ರಂಕು ತೆರೆದು ಲಗ್ನಪತ್ರಿಕೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದೆ. ಅವುಗಳಲ್ಲಿ ಒಂದು ಬೇರೆ ಥರ ಇತ್ತು. ಹಳೆಯದು, ಮೂಲೆಗಳಿಗೆ ಅರಿಶಿನ ಹಚ್ಚಿತ್ತು, ನಾಲ್ಕೂ ಅಂಚಿಗೆ ಡಬ್ಬಣದಿಂದ ಕರಿ ಉಣ್ಣೆಯ ಹೊಲಿಗೆ ಹಾಕಿತ್ತು. ದಪ್ಪವಾಗಿತ್ತು. ಇದಕ್ಕೂ ಹೊಲಿಗೆ ಹಾಕಿದ್ದಾರಲ್ಲ ಈ ಪುಣ್ಯಾತ್ಮರು ಅಂದುಕೊಂಡೆ. ಹೊಲಿಗೆ ಬೆರಳಿಗೆ ಒರಟಾಗಿ ತಗಲಿದ್ದು ಈಗಲೂ ನೆನಪಿದೆ. ಬಿಚ್ಚಿ ನೋಡಲಿಲ್ಲ. ಗಾಡಿ ಮುಂದೆ ಹೋಗಿಬಿಡುತ್ತದೆ ಎಂಬ ಅವಸರ. ಚೀಲಕ್ಕೆ ಹಾಕಿದೆ.

ರದ್ದಿಯವನು ಬದಲಿಗೆ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ಕೊಟ್ಟು ಹೋದ.

ಸಂಜೆ ಮೂವರೂ ಬಂದರು. ಗಂಡ ಗೋಡೆ ನೋಡಿ, "ಈಗ ಮನಿ ಮನಿಹಂಗ ಕಾಣಾಕತ್ತೈತಿ ನೋಡ," ಅಂದರು. ಅತ್ತೆ ತಲೆ ಎತ್ತಿ ಜಂತಿ ನೋಡಿದರು.

"ನನ್ನ ಚೀಲ ಎಲ್ಲೈತಿ?"

"ಇಲ್ಲೇ ಐತ್ರಿ ಅತ್ತಿ. ಕಾಗದ ಎಲ್ಲಾ ಫೈಲ್‌ನ್ಯಾಗ ಹಚ್ಚೇನಿ. ಇನ್ನ ಮ್ಯಾಲ ಹುಡಕೂ ಕೆಲಸನ ಇಲ್ಲ."

ಅವರು ಖಾಲಿ ಚೀಲದೊಳಗೆ ಕೈ ಹಾಕಿ ಸುಮ್ಮನೆ ಒಂದು ಸುತ್ತು ಆಡಿಸಿ, ಮತ್ತೆ ಜಂತಿಗೆ ತೂಗುಹಾಕಿದರು. ಅವರು ಹೊರಗೆ ಕಟ್ಟೆಗೆ ಹೋದ ಮೇಲೆ ನಾದಿನಿ ಹಿತ್ತಲಿನಿಂದ ಟಬ್ಬು ಹಿಡಿದುಕೊಂಡು ಬಂದಳು.

"ಚೊಲೋ ಐತಲ್ರಿ ವೈನಿ. ಎಲ್ಲಿಂದ ಬಂತಿದು?"

"ರದ್ದಿಯವ ಕೊಟ್ಟ. ಲಗ್ನಪತ್ರಿಕಿ ಎಲ್ಲಾ ಹಾಕಿಬಿಟ್ಟೆ."

"ಹೌದನ್ರಿ?" ಅಂದಳು. ಸ್ವಲ್ಪ ಹೊತ್ತು ಟಬ್ಬು ನೋಡಿದಳು. ಆಮೇಲೆ ಅದರಲ್ಲಿ ಒದ್ದೆ ಬಟ್ಟೆ ಹಾಕಿಕೊಂಡು ಒಣಹಾಕಲು ಹೋದಳು.

ಹಬ್ಬ ಮುಗಿದು ಹದಿನೈದು ದಿನಕ್ಕೆ ಅಂಗನವಾಡಿಗೆ ಅರ್ಜಿ ಕರೆದರು. ಕೊನೆಯ ದಿನಕ್ಕೆ ಹನ್ನೆರಡು ದಿನ ಇತ್ತು. ಬೇಕಾಗುವ ಕಾಗದಗಳ ಪಟ್ಟಿಯನ್ನು ಕಚೇರಿಯಲ್ಲೇ ಬರೆದುಕೊಂಡು ಮನೆಗೆ ಬಂದೆ. ಆಧಾರ್ ಇತ್ತು, ಜಾತಿ ಪ್ರಮಾಣಪತ್ರ ಇತ್ತು. ಹತ್ತನೆಯ ತರಗತಿಯ ಅಂಕಪಟ್ಟಿಗೆ 'ಸಾಲಿ' ಫೈಲು ತೆರೆದೆ. ಗಂಡನದಿತ್ತು, ಮಗಳದಿತ್ತು. ನಾದಿನಿಯದಿರಲಿಲ್ಲ. 'ಇತರೆ' ನೋಡಿದೆ. ಆರೂ ಫೈಲು ನೋಡಿದೆ.

ಅತ್ತೆ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದವರು, "ಅಲ್ಲೆಲ್ಲಿ ಹುಡಕತಿ ಯವ್ವಾ?" ಅಂದರು. "ಕೊಟ್ಟ ಮಗಳ ಕಾಗದ ಅಕಿ ಲಗ್ನಪತ್ರಿಕ್ಯಾಗನ ಇರಬೇಕ. ಒಳಗ ಇಟ್ಟ ಸುತ್ತ ಹೊಲದೇನಿ. ಟ್ರಂಕ್‌ನ್ಯಾಗ ನೋಡ."

ಬೆರಳಿಗೆ ಆ ಹೊಲಿಗೆಯ ಒರಟು ಮತ್ತೆ ತಗಲಿದ ಹಾಗಾಯಿತು. ಗಂಡ ಅಲ್ಲೇ ಇದ್ದರು. ನಾದಿನಿ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಹಿಡಿದು ನಿಂತಿದ್ದಳು. ಮೂವರೂ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದು ಕಾಗದ ಕಳೆಯದವಳು ನಾನು.

"ಲಗ್ನಪತ್ರಿಕಿ ಎಲ್ಲಾ ಒಂದೊಂದ ನೋಡೇನ ಹಾಕೇನ್ರಿ ಅತ್ತಿ. ಹೊಲಿಗಿ ಹಾಕಿದ್ದು ಯಾವದೂ ಇರಲಿಲ್ಲ," ಅಂದೆ.

ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಒಂದು ಕ್ಷಣ ಖರೆ ಅನ್ನಿಸಿತು.

"ಇತ್ತ ಯವ್ವಾ. ನಾನ ಹೊಲದೇನಿ," ಅಂದರು ಅತ್ತೆ.

ಗಂಡ ತಾಯಿಯ ಕಡೆ ತಿರುಗಿದರು. "ಎವ್ವಾ, ಹ್ವಾದ ವಾರ ದೊಡ್ಡಿ ಕೀಲಿ ಎಲ್ಲಿಟ್ಟಿ ಅಂತ ನಿನಗ ನೆನಪಿರಲಿಲ್ಲ. ಎಲ್ಲ್ಯರ ಬ್ಯಾರೆ ಕಡೆ ಇಟ್ಟಿರಬೇಕ, ನೆನಪ ಮಾಡ."

"ಕೀಲಿ ಮಾತ ಬ್ಯಾರೆ," ಅಂದರು ಅತ್ತೆ. ಮೊದಲು ಗಟ್ಟಿಯಾಗಿ ಅಂದರು. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ, "ಹೊಲದಂಗ ನೆನಪೈತಿ," ಅಂದರು. ನಾದಿನಿ ನನ್ನ ಮುಖ ನೋಡಿ ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು.

ಮರುದಿನ ಊಟದ ವೇಳೆಯಲ್ಲಿ ಯಾರಿಗೂ ಹೇಳದೆ ಗೋಕಾಕದ ರದ್ದಿ ಗೋದಾಮಿಗೆ ಹೋದೆ. ಮನೆಯೆತ್ತರದ ರಾಶಿಗಳು. ಮೇಲವಂಕಿಯ ಕಡೆಯ ಲಗ್ನಪತ್ರಿಕೆ ಎಂದು ಕೇಳಿದ್ದಕ್ಕೆ ಅಲ್ಲಿಯ ಮಾಲೀಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಬ್ಬದ ಮಾಲ ಎಲ್ಲಾ ಲೋಡ್ ಆಗಿ ಹೋತ್ರಿ ಅಕ್ಕಾರ. ಈಗ ಅರದ ಮತ್ತ ಹಾಳಿ ಮಾಡಿರತಾರ." ಅಲ್ಲಿಂದ ಸೈಬರ್ ಅಂಗಡಿಗೆ ಹೋದೆ. ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯಬಹುದು, ಆದರೆ ಪರೀಕ್ಷೆಯ ನೋಂದಣಿ ಸಂಖ್ಯೆ ಬೇಕು ಅಂದರು. ಆ ಸಂಖ್ಯೆ ಆ ಅಂಕಪಟ್ಟಿಯ ಮೇಲೆಯೇ ಇತ್ತು. ನಾದಿನಿಗೆ ನೆನಪಿರಲಿಲ್ಲ. ಇಷ್ಟು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ.

ಅವಳು ಓದಿದ ಹೈಸ್ಕೂಲಿಗೆ ಇಬ್ಬರೂ ಹೋದೆವು. ಕಚೇರಿಯಲ್ಲಿ ನನ್ನಂಥವಳೇ ಒಬ್ಬಳು ಕೂತಿದ್ದಳು. ಹಳೆಯ ರಜಿಸ್ಟರುಗಳು ಹಿಂದಿನ ಕೋಣೆಯಲ್ಲಿವೆ, ಹುಡುಕಿಸಬೇಕು, ನಾಲ್ಕು ದಿನ ಬಿಟ್ಟು ಬರ್ರಿ ಅಂದಳು. ನಾಲ್ಕು ದಿನ ಬಿಟ್ಟು ಹೋದೆವು. ಮತ್ತೆ ನಾಲ್ಕು ದಿನ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು, ಒಂದು ಹಾಳೆ ಹುಡುಕಲು ಎಂಟು ದಿನವೇ ಎಂದು ಅವಳ ಮೇಲೆ ಹರಿಹಾಯ್ದೆ. ನಾದಿನಿ ನನ್ನ ಸೆರಗು ಹಿಡಿದು, "ಬಿಡ್ರಿ ವೈನಿ, ಅವರದೇನ ತಪ್ಪ ಐತಿ," ಅಂದಳು. ಸಂಖ್ಯೆ ಸಿಕ್ಕಿತು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದು ಎರಡು ದಿನವಾಗಿತ್ತು.

ಆ ಜಾಗಕ್ಕೆ ಬೇರೆ ಒಬ್ಬಳು ಬಂದಳು. ಒಳ್ಳೆಯ ಹೆಣ್ಣುಮಗಳು. ನಾದಿನಿಯ ವಯಸ್ಸು ದಾಟಿತು. ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ನಾನಂತೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹೇಳಿದರೆ ನೌಕರಿ ತಿರುಗಿ ಬರುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಬದಲಾದವರು ಅತ್ತೆ. ಮೊದಲು ನೂಲು ಹೊಸೆಯುವುದು ಬಿಟ್ಟರು. ಆಮೇಲೆ ಸಾರಿಗೆ ಉಪ್ಪು ಹಾಕಲು ಅಂಜತೊಡಗಿದರು, ಹಾಕಿದೆನೋ ಇಲ್ಲವೋ ಎಂದು ಮಗಳನ್ನು ಕರೆದು ನೆಕ್ಕಿ ನೋಡಿಸುತ್ತಿದ್ದರು. ದೊಡ್ಡಿಯ ಕುರಿಗಳನ್ನು ಎರಡೆರಡು ಸಲ ಎಣಿಸುತ್ತಿದ್ದರು, ಆ ಎಣಿಕೆ ಸರಿಯಾಗಿಯೇ ಇರುತ್ತಿತ್ತು, ಆದರೂ ಮಗನನ್ನು ಕರೆದು ಇನ್ನೊಮ್ಮೆ ಎಣಿಸು ಅನ್ನುತ್ತಿದ್ದರು. ಗಂಡ ಅವರನ್ನು ಗೋಕಾಕಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದರು, ನಾನೂ ಕಚೇರಿಯಿಂದ ಹೋಗಿದ್ದೆ. ನಾವು ಹೇಳಿದ್ದನ್ನು ಕೇಳಿ, ವಯಸ್ಸಾದ ಮೇಲೆ ಮರೆವು ಸಹಜ ಎಂದು ಅವರು ಗುಳಿಗೆ ಬರೆದುಕೊಟ್ಟರು. ಆ ಚೀಟಿಯನ್ನು 'ದವಾಖಾನೆ' ಫೈಲಿಗೆ ಹಚ್ಚಿದವಳೂ ನಾನೇ.

ಹೋಳಿ ಮುಗಿದ ಮೇಲೆ ಒಂದು ಮುಂಜಾನೆ ಅತ್ತೆ ಹೊಸ ಲೈಟ್ ಬಿಲ್ಲು ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತರು.

"ಇದನ್ನ ಎಲ್ಲಿಡ್ಲೆವ್ವಾ? ನಾ ಇಟ್ಟರ ಕಳೀತೈತಿ."

ಬಿಲ್ಲು ಇಸಿದುಕೊಂಡೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅಡುಗೆಮನೆಗೆ ಹೋದೆ. ನಾದಿನಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಬಾಜೂ ನೀಲಿ ಟಬ್ಬಿನಲ್ಲಿ ಜೋಳದ ಹಿಟ್ಟು. ಅವಳ ಎದುರಿಗೆ ಕೂತೆ.

"ತಂಗಿ, ಆ ಹೊಲಿಗಿ ಹಾಕಿದ ಲಗ್ನಪತ್ರಿಕಿ ರದ್ದಿಗೆ ಹಾಕಿದಾಕಿ ನಾನ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಗೊತ್ತೈತ್ರಿ ವೈನಿ."

"ಯಾವಾಗಿಂದ?"

"ಅವತ್ತ ಮುಂಜಾನಿ ಟ್ರಂಕ್‌ನ್ಯಾಗಿಂದ ಕೌದಿ ತಗಿಯೂ ಮುಂದ ನಾನ ನೋಡಿದ್ನಿ, ಅಲ್ಲೇ ಇತ್ತ. ಸಂಜಿಕ ನೀವು ರದ್ದಿಗೆ ಹಾಕೇನಿ ಅಂದ್ರಿ. ನೀವು ಕಾಗದದಾಗ ಇರಾವ್ರು, ಹೊಲಿಗಿ ಬಿಚ್ಚಿ ಒಳಗಿಂದು ತಗದಿರಬೇಕ ಅನ್ಕೊಂಡ್ನಿ. ಅಂಥಾದ್ದ ಇರಲೇ ಇಲ್ಲ ಅಂದ್ರಲ್ಲ, ಅವಾಗ ತಿಳೀತು."

"ಹಂಗಾದ್ರ ಅವಾಗನ ಯಾಕ ಅನಲಿಲ್ಲ? ಅತ್ತಿ ತಮಗ ಮರವು ಆಗೇತಿ ಅಂತ ಗುಳಗಿ ನುಂಗಾಕತ್ತಾರ."

ಈ ಪ್ರಶ್ನೆ ಕೇಳಲು ನನಗೆ ಯಾವ ಹಕ್ಕಿತ್ತೋ ತಿಳಿಯದು, ಆದರೂ ಕೇಳಿದೆ. ಅವಳು ಇನ್ನೊಂದು ಹಿಟ್ಟಿನ ಮುದ್ದೆ ಕೈಗೆ ತೆಗೆದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಂದಿದ್ರ ಎಲ್ಲಾರ ಮುಂದ ನೀವು ಸುಳ್ಳ ಹೇಳಿದಂಗ ಆಗತಿತ್ತು. ಅವ್ವ ಈ ಮನಿಯಾಕಿ, ಅಕಿಗೆ ಮರವ ಆದ್ರೂ ನಡೀತೈತಿ. ನಾ ನಾಳಿನೂ ನಿಮ್ಮ ಕೂಡನ ಇರಬೇಕಲ್ರಿ. ಈ ಮನ್ಯಾಗ ಇರಾಕ ನನ್ನ ಕಡೆ ಯಾ ಕಾಗದ ಐತ್ರಿ ವೈನಿ?"

ನಾಚಿಕೆಯಾಯಿತು. ಬೇರೆ ಶಬ್ದ ಹುಡುಕುವುದಿಲ್ಲ. ರೇಷನ್ ಕಾರ್ಡು ಕಣ್ಣ ಮುಂದೆ ಬಂತು. ಅದನ್ನು ನಾನೇ ನೆಟ್ಟಗೆ ಮಾಡಿ, ಚೀಟಿ ಅಂಟಿಸಿ, ಫೈಲಿಗೆ ಹಚ್ಚಿದ್ದೆ. ಅದರಲ್ಲಿ ಅತ್ತೆ, ಗಂಡ, ನಾನು, ಮಗಳು. ನಾಲ್ಕು ವರ್ಷದಿಂದ ನಮ್ಮೆಲ್ಲರ ರೊಟ್ಟಿ ಬಡಿಯುವವಳ ಹೆಸರು ಇನ್ನೂ ಹತ್ತರಗಿಯ ಆ ಮನೆಯ ಕಾರ್ಡಿನಲ್ಲೇ ಇತ್ತು. ಕಾಗದ ಜೋಡಿಸುವವಳಿಗೆ ಅದು ಕಂಡಿರಲಿಲ್ಲ.

ಎದ್ದು ಹಿತ್ತಲಿಗೆ ಹೋದೆ. ಅತ್ತೆ ದೊಡ್ಡಿಯ ಬಾಗಿಲಲ್ಲಿ ನಿಂತು ಕುರಿ ಎಣಿಸುತ್ತಿದ್ದರು. ಗಂಡನೂ ಅಲ್ಲಿದ್ದರು. ಇಬ್ಬರ ಮುಂದೆ ಎಲ್ಲವನ್ನೂ ಹೇಳಿದೆ. ಹೊಲಿಗೆ ಕೈಗೆ ತಗಲಿದ್ದು, ಬಿಚ್ಚದೆ ಹಾಕಿದ್ದು, ಇರಲಿಲ್ಲ ಎಂದು ಸುಳ್ಳು ಹೇಳಿದ್ದು. ಗಂಡ ಕೆಂಡವಾದರು. "ನಿನ್ನ ಫೈಲ್ ಒಯ್ದ ಒಲಿಗಿ ಹಾಕ," ಅಂದರು. ಅತ್ತೆ ಮಾತ್ರ ಎಣಿಕೆ ಬಿಟ್ಟು ದೊಡ್ಡಿಯ ಬೇಲಿ ಹಿಡಿದುಕೊಂಡರು.

"ಹಂಗಾದ್ರ ನಾ ಹೊಲದದ್ದ ಖರೆ," ಅಂದರು.

"ಖರೆ ಐತ್ರಿ ಅತ್ತಿ."

"ನನ್ನ ತಲಿ ನೆಟ್ಟಗ ಐತಿ."

"ನೆಟ್ಟಗ ಐತ್ರಿ."

ಅವರು ಒಳಗೆ ಹೋಗಿ ಗುಳಿಗೆಯ ಹಾಳೆ ತಂದು ನನ್ನ ಕೈಯಲ್ಲಿಟ್ಟರು. ಬೈಯಲಿಲ್ಲ. ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಕಟ್ಟೆಯ ಮೇಲೆ ಕೂತು ಉಣ್ಣೆ ಹೊಸೆಯುತ್ತಿರುವುದನ್ನು ಬಸ್ಸಿನಿಂದ ಇಳಿದು ಬರುವಾಗ ಕಂಡೆ.

ನಾದಿನಿಯ ಹೆಸರನ್ನು ಹತ್ತರಗಿಯ ಕಾರ್ಡಿನಿಂದ ತೆಗೆಸಲು ಹುಕ್ಕೇರಿಗೆ ಮೂರು ಸಲ ಹೋಗಿ ಬಂದೆವು. ಮೂರು ಸಲವೂ ನಾನೇ ಜೊತೆಗೆ ಹೋದೆ, ರಜೆ ಹಾಕಿ. ಒಂದು ಸಲ ಅವಳ ಗಂಡನ ಕಡೆಯವರು ಅಲ್ಲೇ ಎದುರಾದರು. ಅವಳು ಅವರನ್ನು ನೋಡಿಯೂ ನೋಡದವಳಂತೆ ಸಾಲಿನಲ್ಲಿ ನಿಂತಳು, ನಾನು ಅವಳ ಹಿಂದೆ ನಿಂತೆ. ಮಳೆಗಾಲದ ಹೊತ್ತಿಗೆ ನಮ್ಮ ಕಾರ್ಡಿನಲ್ಲಿ ಐದನೆಯ ಹೆಸರು ಸೇರಿತು. ಅಂಗನವಾಡಿಯ ಮಾತು ಮುಗಿದೇಹೋಗಿತ್ತು, ಅದಕ್ಕೆ ಈ ಕಾರ್ಡು ಬದಲಿ ಅಲ್ಲ ಎಂಬುದು ನನಗೆ ಗೊತ್ತು, ಅವಳಿಗೂ ಗೊತ್ತು.

ಕಾರ್ಡು ಬಂದ ದಿನ ಸಂಜೆ ಅವಳು ಅದನ್ನು ತಾಯಿಗೆ ಓದಿ ಹೇಳಿದಳು. ನಾಲ್ಕು ಹೆಸರು ಸರಾಗವಾಗಿ ಓದಿದಳು. ಐದನೆಯದಕ್ಕೆ ಒಂದು ಕ್ಷಣ ನಿಂತು, ಅದನ್ನು ಮಾತ್ರ ಎರಡು ಸಲ ಓದಿದಳು. ಅತ್ತೆ ಕಾರ್ಡು ಇಸಿದುಕೊಂಡು ಸುರುಳಿ ಸುತ್ತಿ, ಹೊಸ ಬಿಳಿ ನೂಲು ಕಟ್ಟಿ, ಐದು ಗಂಟು ಹಾಕಿದರು. ಜಂತಿಯ ಚೀಲ ಇಳಿಸಿ ಅದರೊಳಗೆ ಇಟ್ಟರು. ಫೈಲುಗಳು ಪಕ್ಕದಲ್ಲೇ ಸಾಲಾಗಿ ನಿಂತಿದ್ದವು. ಎಲ್ಲಿಡಬೇಕೆಂದು ಯಾರೂ ನನ್ನನ್ನು ಕೇಳಲಿಲ್ಲ.